ಎಂಜಿನ್ ಹೊಸಾದು, ಪೈಪ್ ಹಳೇದು

ನನ್ನ ಮೂಗಿನ ಸುದ್ದಿ ನಿಮಗೆಲ್ಲಾರಿಗೂ ಗೊತ್ತೈತಿ. ಹಿಂದಿನ ಓಣ್ಯಾಗ ಯಾರರ ಹಾಲು ಉಕ್ಕಿಸಿಕೊಂಡ್ರ ನಾ ಇಲ್ಲಿ ಪಡಸಾಲ್ಯಾಗ ಕುಂತು ಹೇಳ್ತೀನಿ ಅಂತ ನನ್ನ ನೆಗೆಣ್ಣಿ ಆಡಿಕೋತಾಳ. ಹೋದ ಸೀಗಿ ಹುಣ್ಣಿವಿ ದಿನ ಅದ ಮೂಗು ನಮ್ಮ ಗಾಡೀನ ನಡು ದಾರ್ಯಾಗ ನಿಲ್ಲಿಸಿತು. ಚರಗಾ ಯಾಕ ಇಷ್ಟ ತಡಾ ಆತು, ನೀವೆಲ್ಲಾ ಟಂಟಂನ್ಯಾಗ ಯಾಕ ಬಂದ್ರಿ ಅಂತ ಹೊಲದಾಗ ಎಲ್ಲಾರೂ ಕೇಳಿದ್ರಿ. ಅವತ್ತು ಹೇಳೂವಂಥಾ ಮನಸ್ಸು ಇರಲಿಲ್ಲ. ಈಗ ಹೇಳ್ತೀನಿ.

ಮಾವನವರ ಅಂಬಾಸಡರ್ ನಿಮಗೇನ ಹೊಸಾದಲ್ಲ. ನಿಮ್ಮೊಳಗ ಅರ್ಧಾ ಮಂದಿ ಲಗ್ನಾಗಿ ಗಂಡನ ಮನಿಗೆ ಹೋಗಿದ್ದು ಅದರಾಗನ. 1985ರಾಗ ತಗೊಂಡಿದ್ದು, ಮಾರ್ಕ್ 4, ಬಿಳೇ ಬಣ್ಣದ್ದು. ಸ್ಟೀರಿಂಗ್ ಬಾಜೂಕ ಹ್ಯಾಂಡಲ್ ಗೇರು, ಮುಂದ ಉದ್ದನ್ನ ಒಂದ ಸೀಟು. ಮುಂದ ಮೂರು ಮಂದಿ, ಹಿಂದ ಎಷ್ಟು ಮಂದಿ ಅಂತ ಎಣಿಸೂ ಪದ್ಧತಿ ಆಗ ಇರಲಿಲ್ಲ. ಈ ಗಾಡಿ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಅನ್ನೋ ಗಾಡಿದ ಅವತಾರ. ಬಂಗಾಲದ ಉತ್ತರಪಾರಾದಾಗ ಮಾಡ್ತಿದ್ರು, 2014ರಾಗ ಆ ಕಾರಖಾನಿ ಬಾಗಲಾ ಮುಚ್ಚಿತು. ಅವತ್ತು ಪೇಪರ್ ಓದಿ ನಮ್ಮ ಮನಿಯವರು ಯಾರೋ ಬೀಗರು ತೀರಿಕೊಂಡ್ರು ಅನ್ನೂವಂಗ ಸುಮ್ಮನ ಕುಂತಿದ್ರು.

ಆ ಹಳೇ ಎಂಜಿನ್ 1489 ಸಿಸಿದ್ದು. ಮಾವನವರು ಅದನ್ನ ಎಬ್ಬಿಸೋದ ಒಂದು ಪೂಜಿ ಇದ್ದಂಗ ಇತ್ತು. ನಾಕು ದಿನಾ ನಿಂತಿದ್ರ ಬಾನೆಟ್ ಎತ್ತಿ ಪೆಟ್ರೋಲ್ ಪಂಪಿನ ಸಣ್ಣ ಲೀವರ್ ಕೈಲೆ ಟಕಟಕ ಅನಿಸಿ ಪೆಟ್ರೋಲ್ ಏರಿಸಬೇಕು, ಆಮ್ಯಾಲೆ ಚೋಕ್ ಎಳೀಬೇಕು, ಆಮ್ಯಾಲೆ ಚಾವಿ. ಬ್ಯಾಸಿಗ್ಯಾಗ ಪಂಪು ಕಾದು ಒಳಗಿನ ಪೆಟ್ರೋಲ್ ಹಬಿ ಆಗಿಬಿಟ್ರ ಗಾಡಿ ರಸ್ತೆ ನಡಕ ನಿಂತಬಿಡ್ತಿತ್ತು. ಆಗ ನಮ್ಮತ್ತಿ ಕೈಯಾಗಿನ ನೀರಿನ ಬಾಟ್ಲಿ ಇಸಗೊಂಡು, ಅರಿವಿ ತೋಯಿಸಿ ಪಂಪಿನ ಮ್ಯಾಲೆ ಹಾಕಿ, ಹತ್ತು ಮಿನಿಟು ಗಿಡದ ನೆಳ್ಳಾಗ ಕುಂದ್ರತಿದ್ವಿ. ಜ್ವರ ಬಂದ ಕೂಸಿಗೆ ಹಣಿಮ್ಯಾಲೆ ಒದ್ದಿ ಪಟ್ಟಿ ಹಾಕ್ತೀವಲ್ಲ, ಹಂಗ. ಮತ್ತ ಗಾಡ್ಯಾಗ ಯಾವಾಗಲೂ ಒಂದಿಷ್ಟು ಪೆಟ್ರೋಲ್ ವಾಸನಿ. ಮಾವನವರ ಅಂಗಿಗೂ ಅದ ವಾಸನಿ. ಅದನ್ನ ಯಾರೂ ತಪ್ಪು ಅಂತ ತಿಳಕೊಂಡಿರಲಿಲ್ಲ.

ಮಾವ ಹೋದಮ್ಯಾಲೆ ಗಾಡಿ ನಮ್ಮ ಮನಿಯವರ ಕೈಗೆ ಬಂತು. ಅಷ್ಟೊತ್ತಿಗೆ ಎಂಜಿನ್ನಿಗೂ ವಯಸ್ಸಾಗಿತ್ತು. ಎರಡು ಸಲ ಬೋರ್ ಮಾಡಿಸಿದ್ದು, ಮೂರನೇ ಸಲ ಆಗಂಗಿಲ್ಲ ಅಂದ್ರು. ನೀಲಿ ಹೊಗಿ ಬಿಟ್ಟಕೋತ ಹೋದ್ರ ಓಣಿ ಹುಡುಗೂರು ಸೊಳ್ಳಿ ಹೊಡಿಯೋ ಗಾಡಿ ಬಂತು ಅಂತ ಬೆನ್ನ ಹತ್ತತಿದ್ವು. ಇವರು ಸಾಲಿ ಮಾಸ್ತರಕಿ ಬಿಟ್ಟು ನಿವೃತ್ತಿ ಆದ್ರಲ್ಲ, ಕೈಯಾಗ ಒಂದಿಷ್ಟು ದುಡ್ಡು ಬಂತು. ದುಡ್ಡು ಬಂದಕೂಡಲೆ ಒಬ್ಬ ಮೆಕ್ಯಾನಿಕ್ಕೂ ಬಂದ. ಗುಜರಿಗೆ ಹೋದ ಹೊಸಾ ಮಾಡಲ್ಲಿನ ಅಂಬಾಸಡರ್‌ದ ಎಂಜಿನ್ ತನ್ನ ಕಡೆ ಐತಿ, 1800 ಸಿಸಿ ಇಸುಜು, ಎಂಪಿಎಫ್‌ಐ, ಐದು ಗೇರು, ಅಣ್ಣ ತಮ್ಮ ಇದ್ದಂಗ ಸರ, ಕುಂದರಿಸಿದ್ರ ಕುಂತಬಿಡ್ತೈತಿ ಅಂದ. ನಮ್ಮವರ ಮಾರಿ ನೋಡಬೇಕಿತ್ತು ನೀವು. ನನ್ನ ನೋಡಾಕ ಬಂದಾಗನೂ ಹಂಗ ಅರಳಿರಲಿಲ್ಲ.

ನಾ ಪಿಯುಸಿ ಆರ್ಟ್ಸ್. ಎಂಜಿನ್ ಅಂದ್ರ ನನಗೇನ ತಿಳೀತೈತಿ. ಆದ್ರ ಎಂಪಿಎಫ್‌ಐ ಅಂದ್ರ ಏನ್ರಿ ಅಂತ ಕೇಳಿದ್ದಕ್ಕ ಇವರು ಹೇಳಿದ್ದನ್ನ ನಾ ನನ್ನ ಭಾಷಾದಾಗ ತಿಳಕೊಂಡೆ. ನಿಮಗೂ ಅದ ಲೆಕ್ಕದಾಗ ಹೇಳ್ತೀನಿ. ನಮ್ಮ ತವರಮನ್ಯಾಗ ಎರಡು ಸ್ಟೋ ಇದ್ವು. ಒಂದು ಬತ್ತಿ ಸ್ಟೋ. ಬತ್ತಿ ತನಗ ಬೇಕಾದಷ್ಟು ಚಿಮಣಿ ಎಣ್ಣಿ ತಾನ ಹೀರಕೋತೈತಿ, ಮೆತ್ತಗ ಉರೀತೈತಿ. ಇನ್ನೊಂದು ಹಿತ್ತಾಳಿ ಪಂಪ್ ಸ್ಟೋ. ಕೈಲೆ ಪಂಪ್ ಹೊಡದು ಒಳಗ ಒತ್ತಡಾ ತುಂಬಬೇಕು, ಸೂಜಿ ಮೊನಿಯಷ್ಟು ನಿಪ್ಪಲ್ ತೂತಿನ್ಯಾಗಿಂದ ಎಣ್ಣಿ ಹಬಿಯಾಗಿ ಜೋರಾಗಿ ಚಿಮ್ಮತೈತಿ, ನೀಲಿ ಉರಿ, ಬರ್ರ್ ಅಂತ ಸಪ್ಪಳ. ಹಳೇ ಎಂಜಿನ್ನಿನ ಕಾರ್ಬುರೇಟರ್ ಅಂದ್ರ ಹೆಚ್ಚು ಕಮ್ಮಿ ಬತ್ತಿ ಸ್ಟೋ. ಎಂಜಿನ್ ಗಾಳಿ ಎಳಕೊಳ್ಳೂ ಮುಂದ ಅದರ ಜೋಡಿ ಪೆಟ್ರೋಲ್ ಹೀರಕೋತೈತಿ. ಹೊಸಾ ಎಂಜಿನ್ ಪಂಪ್ ಸ್ಟೋ. ನಾಕು ಸಿಲಿಂಡರಿಗೆ ನಾಕು ನಿಪ್ಪಲ್, ಅದಕ್ಕ ಇಂಜೆಕ್ಟರ್ ಅಂತಾರ. ಎಷ್ಟು ಹೊತ್ತು ತಗೀಬೇಕು, ಎಷ್ಟು ಹೊತ್ತು ಮುಚ್ಚಬೇಕು ಅಂತ ಒಂದು ಕಂಪ್ಯೂಟರ್ ಡಬ್ಬಿ ಹೇಳ್ತೈತಿ.

ಇಷ್ಟು ಕೇಳಿ ನಾ ಒಂದು ಮಾತು ಕೇಳಿದೆ. “ಹಂಗಾರ ಬತ್ತಿ ಸ್ಟೋದ ಟಾಕಿ, ಬತ್ತಿ ಸ್ಟೋದ ನಳಿ ಇಟಗೊಂಡು ಪಂಪ್ ಹೊಡದ್ರ ನಡೀತೈತೇನ್ರಿ?” ನಮ್ಮವರು ನಕ್ಕರು. “ನೀ ಅಡಿಗಿಮನಿ ನೋಡಿಕೋ ಹೋಗು” ಅಂದ್ರು. ಮೆಕ್ಯಾನಿಕ್ ಇನ್ನೂ ಜೋರಾಗಿ ನಕ್ಕ. ನಾ ಚಾ ಕಪ್ಪು ತಗೊಂಡು ಒಳಗ ಬಂದೆ. ಆ ನಗಿ ಈಗೂ ಕಿವ್ಯಾಗ ಐತಿ.

ಎಂಜಿನ್ ಕುಂದರಿಸಾಕ ದೀಡ ತಿಂಗಳ ಹಿಡೀತು. ಹ್ಯಾಂಡಲ್ ಗೇರು ಹೋಗಿ ನೆಲದಾಗಿಂದ ಗೇರು ಬಂತು, ಮುಂದಿನ ಸೀಟಿನ್ಯಾಗ ಮೂರನೇದವರಿಗೆ ಕಾಲಿಡಾಕ ಜಾಗಾ ಇಲ್ಲದಂಗ ಆತು. ನಮ್ಮತ್ತಿ ಅದಕ್ಕ ಒಂದು ವಾರ ಮಾತಾಡಲಿಲ್ಲ. ಆದ್ರ ಗಾಡಿ ಓಡಾಕ ಹತ್ತಿದ ಕೂಡಲೆ ಎಲ್ಲಾ ಮರತ್ರು. ಚಾವಿ ತಿರುವಿದ್ರ ಸಾಕು, ಚೋಕ್ ಇಲ್ಲ, ಲೀವರ್ ಇಲ್ಲ. ಧಾರವಾಡದಿಂದ ಹುಬ್ಬಳ್ಳಿಗೆ ಹೋಗಿ ಬಂದು ಇವರು ಓಣಿ ತುಂಬ ಹೇಳಿದ್ರು.

ಹೊಸಾ ಎಂಜಿನ್ನಿಗೆ ಪೆಟ್ರೋಲ್ ಹೆಂಗ ಹೊಕ್ಕೈತಿ ಅಂತ ಯಾರೂ ಕೇಳಲಿಲ್ಲ. ಎಲ್ಲಾರೂ ಬಾನೆಟ್ ಎತ್ತಿ ಎಂಜಿನ್ ನೋಡ್ತಿದ್ರು. ಗಾಡಿ ಕೆಳಗ ಬಗ್ಗಿ ನೋಡಿದವರು ಒಬ್ಬರೂ ಇಲ್ಲ. ಆಮ್ಯಾಲೆ ತಿಳದಿದ್ದು ಏನಂದ್ರ, ಆ ಪುಣ್ಯಾತ್ಮ ಡಿಕ್ಕಿ ಹತ್ರ ಒಂದು ಕರೆಂಟಿನ ಪಂಪ್ ಕಟ್ಟಿ, 1985ರ ಅದ ಟ್ಯಾಂಕಿಗೆ, ಅದ ಹಳೇ ಪೈಪಿಗೆ ಜೋಡಿಸಿದ್ದ. ಜೋಡಿಸಿದ ಜಾಗಾದಾಗೆಲ್ಲಾ ಬಜಾರದಾಗ ಮೀಟರ್ ಲೆಕ್ಕದಾಗ ಸಿಗೋ ಕರೇ ರಬ್ಬರ್ ಪೈಪು, ತಿರುಪಿನ ಕ್ಲಿಪ್ಪು.

ಸೀಗಿ ಹುಣ್ಣಿವಿ ದಿನ ಗಾಡ್ಯಾಗ ನಾವು ಆರು ಮಂದಿ. ಮುಂದ ಇವರು ಮತ್ತ ಅತ್ತಿ. ಹಿಂದ ನಾನು, ನೆಗೆಣ್ಣಿ, ದಸರಾಕ್ಕ ಬಂದಿದ್ದ ಮಗಳು, ಆಕಿ ತೊಡಿಮ್ಯಾಲೆ ಎರಡು ವರ್ಷದ ಮೊಮ್ಮಗಳು. ಕಾಲಾಗ ಬುತ್ತಿ. ಸಜ್ಜಿ ಕಡಬು, ಶೇಂಗಾ ಹೋಳಗಿ, ಎಣಗಾಯಿ, ಪುಂಡಿಪಲ್ಯ, ಕಟಕ ರೊಟ್ಟಿ, ಮೊಸರನ್ನದ ಗಡಿಗಿ. ಇಷ್ಟು ವಾಸನಿ ನಡಕ, ಅಮ್ಮಿನಭಾವಿ ದಾಟಿ ಒಂದೆರಡು ಮೈಲ್ ಹೋಗಿರಬೇಕು, ನನಗ ಪೆಟ್ರೋಲ್ ವಾಸನಿ ಬಂತು.

“ಗಾಡಿ ನಿಲ್ಲಸ್ರಿ” ಅಂದೆ.

“ಹಳೇ ಗಾಡಿ, ವಾಸನಿ ಬರೋದ” ಅಂದ್ರು ಇವರು.

ನನಗ ಹಳೇ ವಾಸನಿ ಗೊತ್ತಿಲ್ಲೇನ್ರಿ? ನಾ ಮೂವತ್ತು ವರ್ಷ ಅದರಾಗ ಕುಂತೀನಿ. ಅದು ಹಳೇ ಸಂದಕದಾಗಿನ ಅರಿವಿ ವಾಸನಿ ಇದ್ದಂಗ, ತಣ್ಣಗಿನ ವಾಸನಿ. ಇದು ಬಿಸಿ ವಾಸನಿ. ಬಾಣಲಿ ಸೀದು ಹೋಗೂ ಮುಂಚೆ ಎಣ್ಣಿ ಒಂದು ಥರಾ ವಾಸನಿ ಬಿಡ್ತೈತಿ ನೋಡ್ರಿ, ಮೂಗಿನ ಮ್ಯಾಲೆ ಚುರ್ ಅಂತೈತಿ, ಹಂಗ. ನಾ ದನಿ ಎತ್ತರಿಸಿದೆ. ಅತ್ತಿ ಎದುರಿಗೆ ಗಂಡನ ಮ್ಯಾಲೆ ನಾ ದನಿ ಎತ್ತರಿಸಿದ್ದು ಅದ ಮೊದಲ. ಗಾಡಿ ನಿಂತಿತು.

ಎಲ್ಲಾರನ್ನೂ ಇಳಿಸಿ ಜೋಳದ ಹೊಲದ ಬದುವಿನ ಕಡೆ ದೂರ ಕಳಿಸಿದೆ. ಇವರು ಗಜಗಜ ಅಂದಕೋತ ಬಾನೆಟ್ ಎತ್ತಿದ್ರು. ಕರೇ ರಬ್ಬರ್ ಪೈಪಿನ ಮೈ ತುಂಬ ಬೆವರು. ನೀರಿನ ಬೆವರಲ್ಲ, ಪೆಟ್ರೋಲ್. ಕ್ಲಿಪ್ಪಿನ ಹತ್ರ ಮಣಿ ಮಣಿ ಆಗಿ ಕೂಡಿ ಒಂದೊಂದ ಹನಿ ಕೆಳಗ ಬೀಳ್ತಿತ್ತು. ಅದರಿಂದ ಒಂದು ಗೇಣು ದೂರದಾಗ ಸೈಲೆನ್ಸರಿಗೆ ಹೋಗೋ ಕಬ್ಬಿಣದ ಪೈಪು ಕಾದು ನಿಂತಿತ್ತು. ಇವರ ಮಾರಿ ಬಿಳಚಿತು. ನಾ ನೋಡಕೋತ ನಿಂತಾಗ ಹಿಂದಿನಿಂದ ಗುಂಯ್ ಅಂತ ಒಂದು ಸಪ್ಪಳ ಕೇಳ್ತು. ಎಂಜಿನ್ ನಿಂತೈತಿ, ಗುಂಯ್ ನಿಂತಿಲ್ಲ. ಹನಿಯೂ ನಿಂತಿಲ್ಲ.

“ಚಾವಿ! ಚಾವಿ ತಗೀರಿ!” ಅಂತ ಚೀರಿದೆ.

ಗಾಬರಿಯೊಳಗ ಎಂಜಿನ್ ಗಕ್ ಅಂತ ಬಂದಾಗಿತ್ತು, ಇವರು ಚಾವಿ ಹಂಗ ಬಿಟ್ಟು ಇಳದಿದ್ರು. ಆ ಮೆಕ್ಯಾನಿಕ್ ಪಂಪಿನ ವೈರು ಸೀದಾ ಚಾವಿಗೆ ಜೋಡಿಸಿದ್ದ. ಎಂಜಿನ್ ನಡೀಲಿ ಬಿಡಲಿ, ಚಾವಿ ಹಾಕಿದ್ರ ಪಂಪ್ ಪೆಟ್ರೋಲ್ ತಳ್ಳತಾನ ಇರ್ತೈತಿ. ಗಾಡಿ ಎಲ್ಯರ ಬಡದು ಪೈಪು ಹರದ್ರೂ ತಳ್ಳತೈತಿ. ಇದನ್ನ ನೆನಸಿದ್ರ ಈಗೂ ರಾತ್ರಿ ನಿದ್ದಿ ಹಾರತೈತಿ. ಹಿಂದಿನ ಸೀಟಿನ್ಯಾಗ ಕೂಸಿತ್ತು.

ಒಂದು ಟಂಟಂ ನಿಲ್ಲಿಸಿ ನಾವು ಬುತ್ತಿ ಹೊತಗೊಂಡು ಹೊಲಕ್ಕ ಬಂದ್ವಿ. ಇವರು ಗಾಡಿ ಕಾಯಕೋತ ಅಲ್ಲೇ ಉಳದ್ರು. ಚರಗಾ ಚೆಲ್ಲೂ ಮುಂದ ನನ್ನ ಕೈ ನಡಗತಿತ್ತು. ನೆಗೆಣ್ಣಿ ಮಾತ್ರ ನೋಡಿದ್ಳು, ಏನೂ ಕೇಳಲಿಲ್ಲ. ಅದಕ್ಕ ಆಕಿ ಎಷ್ಟು ಆಡಿಕೊಂಡ್ರೂ ನಾ ಸಿಟ್ಟಾಗಂಗಿಲ್ಲ.

ರಾತ್ರಿ ಮನ್ಯಾಗ ಇವರು ಊಟ ಮಾಡಲಿಲ್ಲ. ಬಹಳ ಹೊತ್ತಿನ ಮ್ಯಾಲೆ, “ಮಾರಿಬಿಡೂಣು ಅಂತಿ ಹೌದಿಲ್ಲೋ?” ಅಂದ್ರು. ಮಗಳು ಅದನ್ನ ಅಂದಿದ್ಳು. ಮಗ ಫೋನಿನ್ಯಾಗ ಅದನ್ನ ಅಂದ. ನನಗೂ ಗಂಟಲತನಕ ಅದ ಮಾತು ಬಂದಿತ್ತು, ಸುಳ್ಳು ಯಾಕ ಹೇಳಲಿ. ಆದ್ರ ಅವರ ಅಪ್ಪನ ಗಾಡಿ. ಮಾವನವರು ದವಾಖಾನಿಗೆ ಕಡೀ ಸಲ ಹೋಗಿದ್ದೂ ಅದರಾಗ. ನಾ ಅಂದೆ, “ಗ್ಯಾಸಿನ ಪೈಪು ಸೋರಿದ್ರ ಒಲಿ ಮಾರ್ತೀವೇನ್ರಿ? ಪೈಪ್ ಬದಲ ಮಾಡ್ತೀವಿ.” ಐದು ವರ್ಷಕ್ಕೊಮ್ಮೆ ಆ ಕಿತ್ತಳಿ ಬಣ್ಣದ ಗ್ಯಾಸ್ ಪೈಪ್ ಬದಲ ಮಾಡ್ರಿ ಅಂತ ಪೈಪಿನ ಮ್ಯಾಲೆ ತಾರೀಖ ಹಾಕಿರ್ತಾರ. ನಮ್ಮ ಗಾಡಿ ಪೈಪಿಗೆ ನಲವತ್ತು ವರ್ಷ ಆಗಿತ್ತು, ಅದಕ್ಕ ಯಾರೂ ತಾರೀಖ ಹಾಕಿರಲಿಲ್ಲ.

ಇವರ ದುಡ್ಡು ಎಂಜಿನ್ನಿಗೆ ಖರ್ಚಾಗಿತ್ತು. ನನ್ನ ಚೀಟಿ ದುಡ್ಡು ಎತ್ತಿ ಕೊಟ್ಟೆ. ಅದು ಬಂಗಾರದ ಪಾಟ್ಲಿಗೆ ಅಂತ ಇಟ್ಟಿದ್ದು, ಬರೀಲಿಕ್ಕ ನಾಚಿಗಿ ಇಲ್ಲ. ಒಂದ ಕರಾರು ಹಾಕಿದೆ. ಈ ಸಲ ಕೆಲಸ ಮಾಡೂ ಮುಂದ ನಾ ಬಾಜೂಕ ನಿಂತು ನೋಡಾಕಿ.

ಹುಬ್ಬಳ್ಳ್ಯಾಗ ಒಬ್ಬ ವಯಸ್ಸಾದ ಮಿಸ್ತ್ರಿ ಸಿಕ್ಕ. ಮಾತು ಕಮ್ಮಿ. ಎಂಜಿನ್ ನೋಡಲೇ ಇಲ್ಲ, ಮೊದಲ ಗಾಡಿ ಕೆಳಗ ಹೊಕ್ಕ. ಹೊರಗ ಬಂದು ಕೈ ಒರಸಿಕೊಂಡು, “ಅಕ್ಕಾರ, ಕುಕ್ಕರಿನ್ಯಾಗ ಎಷ್ಟು ಪ್ರೆಶರ್ ಇರ್ತೈತಿ ಗೊತ್ತೇನ್ರಿ?” ಅಂದ. ಒಂದು ಬಾರ್ ಅಂತ ಅವನ ಹೇಳಿದ. ಈ ಹೊಸಾ ಎಂಜಿನ್ನಿಗೆ ಪೆಟ್ರೋಲ್ ಹೋಗೋದು ಸುಮಾರು ಮೂರು ಬಾರಿನ್ಯಾಗ. ಅಂದ್ರ ಸೀಟಿ ಹೊಡಿಯೋ ಕುಕ್ಕರಿನ ಮೂರು ಪಟ್ಟು ಒತ್ತಡ. ಹಳೇ ಪಂಪಿನ ಒತ್ತಡ ಬಾರಿನ ಕಾಲುಭಾಗದ ಆಸುಪಾಸು. ಅದಕ್ಕಂತ ಮಾಡಿದ ಪೈಪಿನ್ಯಾಗ ಇದನ್ನ ಬಿಟ್ರ ಹೆಂಗ ತಡೀತೈತಿ ಹೇಳ್ರಿ. ನನ್ನ ಬತ್ತಿ ಸ್ಟೋದ ಮಾತು ಅವಂಗ ಹೇಳಿದೆ. ಅಂವ ನಗಲಿಲ್ಲ. “ಬರೋಬ್ಬರಿ ಕೇಳೀರಿ” ಅಂದ. ನಮ್ಮವರು ಆ ಕಡೆ ತಿರುಗಿ ಗ್ಯಾರೇಜಿನ ಕ್ಯಾಲೆಂಡರ್ ನೋಡ್ತಿದ್ರು.

ಟ್ಯಾಂಕ್ ಇಳಿಸಿದ. ಒಳಗಿಂದ ಬಂದದ್ದು ನೋಡಿ ನನಗ ಹಳೇ ಬೆಲ್ಲದ ಗಡಿಗಿ ತಳ ನೆನಪಾತು. ಕಂದು ಬಣ್ಣದ ಅಂಟು, ತುಕ್ಕಿನ ಪುಡಿ. ಕಾರ್ಬುರೇಟರ್ ಇದ್ದಾಗ ಇಂಥಾ ಕಸಾ ಬಂದ್ರ ಜೆಟ್ ಬಿಚ್ಚಿ ಊದಿ ಹಾಕ್ತಿದ್ರು, ಮಾವನವರು ಎಷ್ಟೋ ಸಲ ಬಾಯಿಲೆ ಊದಿದ್ದು ನಾನ ನೋಡೀನಿ. ಇಂಜೆಕ್ಟರ್ ತೂತು ಭಾಳ ಸಣ್ಣದು, ಅದರಾಗ ಕಸಾ ಹೊಕ್ರ ಊದಿದ್ರ ಹೋಗಂಗಿಲ್ಲ. ಪಂಪ್ ಸ್ಟೋಗೆ ಪಿನ್ ಹಾಕಿದಂಗ ಹಾಕಾಕೂ ಬರಂಗಿಲ್ಲ.

ಇದರಾಗ ಇನ್ನೊಂದು ಸಂಗತಿ ಅಂವ ಹೇಳಿದ, ಮನ್ಯಾಗ ಹಳೇ ಸ್ಕೂಟರ್ ಇದ್ದವರೂ ಕಿವಿಗೊಟ್ಟು ಕೇಳ್ರಿ. ಈಗ ಬಂಕಿನ್ಯಾಗ ಸಿಗೋ ಪೆಟ್ರೋಲ್ ಮಾವನವರ ಕಾಲದ ಪೆಟ್ರೋಲ್ ಅಲ್ಲ. ನೂರರಾಗ ಇಪ್ಪತ್ತು ಭಾಗದ ತನಕ ಎಥೆನಾಲ್ ಕೂಡಿಸಿರ್ತಾರ. 2023ರ ಫೆಬ್ರುವರಿಯೊಳಗ ಬೆಂಗಳೂರಾಗ ಅದನ್ನ ಶುರು ಮಾಡಿದ್ರು, ಆಮ್ಯಾಲೆ ಎಲ್ಲಾ ಕಡೆ ಬಂತು. ನಮ್ಮ ಬೆಳಗಾವಿ, ಬಾಗಲಕೋಟಿ ಕಡೆ ಕಬ್ಬಿನ ಕಾರಖಾನಿಯೊಳಗೂ ಆಗೋ ಮಾಲು ಅದು, ರೈತರಿಗೆ ಚಲೋನ ಆತು, ನಾವೂ ಒಕ್ಕಲತನದವರ ಅಲ್ಲೇನು. ಆದ್ರ ಹಳೇ ಕಾಲದ ರಬ್ಬರಿಗೆ ಅದು ಹಿಡಸಂಗಿಲ್ಲ. ರಬ್ಬರ್ ಉಬ್ಬತೈತಿ, ಮೆತ್ತಗಾಗತೈತಿ, ಆಮ್ಯಾಲೆ ಸೀಳತೈತಿ. ಗಾಳ್ಯಾಗಿನ ಪಸಿನೂ ಎಳಕೋತೈತಿ, ಹಂಗಾಗಿ ಗಾಡಿ ಭಾಳ ದಿನಾ ನಿಂತ್ರ ಟ್ಯಾಂಕಿಗೆ ತುಕ್ಕು. ಟ್ಯಾಂಕಿನ ಗೋಡಿಗೆ ವರ್ಷಗಟ್ಟಲೆ ಅಂಟಿದ್ದ ಜಿಗಟನ್ನೂ ಕರಗಿಸಿ ಮುಂದ ತಳ್ಳತೈತಿ. ನಮ್ಮ ಗಾಡಿ ನಾಕು ಹಬ್ಬಕ್ಕೊಮ್ಮೆ ಹೊರಗ ಬರೋದು, ಮೂರೂ ಆಗಿತ್ತು.

ಟ್ಯಾಂಕಿಗೆ ಸಣ್ಣದೊಂದು ಬೆಸುಗಿ ಕೆಲಸ ಬೇಕಾಗಿತ್ತು. ನಮ್ಮವರು, ಖಾಲಿ ಐತೆಲ್ಲಾ ಈಗ ಹಚ್ಚಿಬಿಡ್ರಿ ಅಂದ್ರು. ಮಿಸ್ತ್ರಿ ಎರಡೂ ಕೈ ಎತ್ತಿದ. ಖಾಲಿ ಟ್ಯಾಂಕ ತುಂಬಿದ ಟ್ಯಾಂಕಿಗಿಂತ ಕೆಟ್ಟದ್ದು, ಒಳಗ ಹಬಿ ತುಂಬಿರ್ತೈತಿ, ಕಿಡಿ ಬಿದ್ರ ಬಾಂಬ್ ಅಂದ. ತೊಳದು, ಹಬಿ ಹಿಡಿಸಿ, ಮತ್ತ ತೊಳದು, ಆ ಕೆಲಸ ಗೊತ್ತಿದ್ದವರ ಕಡೆ ಕಳಿಸಿದ. ನಾಕು ದಿನಾ ಹಿಡೀತು. ಅವಸರ ಮಾಡಲಿಲ್ಲ ಅಂತ ಅವನ ಮ್ಯಾಲೆ ನನಗ ಅವತ್ತ ನಂಬಿಗಿ ಬಂತು.

ಆಮ್ಯಾಲೆ ಒಂದೊಂದ ಜೋಡಿಸಿದ. ನಾ ಕುರ್ಚಿ ಹಾಕ್ಕೊಂಡು ಕುಂತು ಕಿರಾಣಿ ಚೀಟಿ ಹಿಂದ ಬರಕೊಂಡೀನಿ, ಅದನ್ನ ನೋಡಿ ಹೇಳ್ತೀನಿ. ಕರೆಂಟಿನ ಪಂಪ್ ಮುಂದಕ್ಕ ತಳ್ಳೋದ್ರಾಗ ಗಟ್ಟಿ, ಹಿಂದಿನಿಂದ ಎಳಕೊಳ್ಳೋದ್ರಾಗ ಅಷ್ಟಕ್ಕಷ್ಟ. ಹಂಗಾಗಿ ಅದನ್ನ ಟ್ಯಾಂಕಿನ ಹತ್ರನ, ಟ್ಯಾಂಕಿಗಿಂತ ತಗ್ಗಿನ್ಯಾಗ ಇಡಬೇಕು. ಪಂಪಿನ ಮುಂಚೆ ದಪ್ಪ ಕಸಾ ಹಿಡಿಯೋ ಜರಡಿ, ಪಂಪಿನ ಮುಂದ ಸಣ್ಣ ಕಸಾ ಹಿಡಿಯೋ ಫಿಲ್ಟರ್. ಮೈದಾ ಸೋಸೋ ಜರಡಿ ಬ್ಯಾರೆ, ರವಾ ಸೋಸೋದು ಬ್ಯಾರೆ, ಹಂಗ. ನಡಕ ಒಂದು ತಂಬಿಗಿಯಷ್ಟು ಸಣ್ಣ ಡಬ್ಬಿ ಕುಂದರಿಸಿದ. ಪೆಟ್ರೋಲ್ ಕಮ್ಮಿ ಇದ್ದಾಗ ಗಾಡಿ ಗುಡ್ಡಾ ಏರಿದ್ರ, ಜೋರಾಗಿ ಹೊರಳಿದ್ರ ಟ್ಯಾಂಕಿನ್ಯಾಗಿಂದು ಒಂದು ಬಾಜೂಕ ಹೋಗಿ ಪಂಪು ಗಾಳಿ ಎಳಕೋತೈತಿ. ಈ ಡಬ್ಬಿ ಯಾವಾಗಲೂ ತುಂಬಿರ್ತೈತಿ, ಪಂಪಿಗೆ ಗಾಳಿ ಸಿಗಂಗಿಲ್ಲ. ಈ ಡಬ್ಬಿ ತುಂಬಾಕ ಬ್ಯಾರೆ ಒಂದು ಸಣ್ಣ ಪಂಪು.

ನನಗ ಭಾಳ ಹಿಡಿಸಿದ್ದು ಹೊಳ್ಳಿ ಬರೋ ಪೈಪಿನ ಸಂಗತಿ. ಪಂಪು ಎಂಜಿನ್ನಿಗೆ ಬೇಕಾದದ್ದಕ್ಕಿಂತ ಹೆಚ್ಚು ಪೆಟ್ರೋಲ್ ಕಳಿಸ್ತೈತಿ. ಲಗ್ನದ ಪಂಕ್ತ್ಯಾಗ ಸಾರಿನ ಬಕೆಟ್ ತುಂಬಕೊಂಡು ಹೋಗ್ತಾರ, ಉಂಡಷ್ಟು ಬಡಿಸಿ ಉಳದದ್ದು ಅಡಿಗಿಮನಿಗೆ ಹೊಳ್ಳಿ ತರ್ತಾರಲ್ಲ? ಹಂಗ ಹೆಚ್ಚಾದ ಪೆಟ್ರೋಲ್ ಹೊಳ್ಳಿ ಹಿಂದಕ್ಕ ಬರಬೇಕು. ಹಿಂಗ ತಿರಗತಾ ಇದ್ರ ಅದು ಒಂದ ಜಾಗಾದಾಗ ನಿಂತು ಕಾದು ಹಬಿ ಆಗೋದೂ ಕಮ್ಮಿ. ಒದ್ದಿ ಅರಿವಿ ಕೆಲಸ ಮುಗೀತು ಅನ್ರಿ. ಹಳೇ ಗಾಡಿಗೆ ಹೊಳ್ಳಿ ಬರೋ ಹಾದಿ ಇರಲೇ ಇಲ್ಲ, ಬತ್ತಿ ಸ್ಟೋಗೆ ಅದು ಬೇಕಾಗಂಗಿಲ್ಲ. ಮೊದಲಿನಂವ ಪೆಟ್ರೋಲ್ ಹಾಕೋ ಕೊಳವಿಗೆ ಒಂದು ತೂತು ಹೊಡದು ರಬ್ಬರ್ ತುರುಕಿ ಅಂಟು ಬಳದಿದ್ದ. ಈ ಮಿಸ್ತ್ರಿ ಅದನ್ನ ಕಿತ್ತು ಟ್ಯಾಂಕಿನ್ಯಾಗ ಸರಿಯಾದ ಬಾಯಿ ಮಾಡಿಸಿದ.

ಗಾಡಿ ಉದ್ದಕ್ಕೂ ಹೋಗೂ ಪೈಪು ಹೊಸಾ ಉಕ್ಕಿಂದು, ಸೈಲೆನ್ಸರಿನ ಎದುರು ಬಾಜೂಕ. ರಬ್ಬರ್ ಇರೋದು ಟ್ಯಾಂಕು, ಪಂಪು, ಎಂಜಿನ್ನಿನ ಹತ್ರ ಕೂಡೋ ಜಾಗಾದಾಗ ಗೇಣು ಗೇಣು ಮಾತ್ರ, ಅದೂ ಇಂಜೆಕ್ಷನ್ ಗಾಡಿಗೆ ಅಂತನ ಮಾಡಿದ್ದು, ಎಥೆನಾಲ್ ತಡಿಯೋದು. ಆ ಪೈಪಿನ ಬೆಲಿ ಕೇಳಿ ಇವರು ಹುಬ್ಬು ಏರಿಸಿದ್ರು, ನಾ ಇವರ ಕಡೆ ನೋಡಿದೆ, ಹುಬ್ಬು ಇಳೀತು. ಕ್ಲಿಪ್ಪೂ ಬ್ಯಾರೆ. ಮೊದಲಿನ ಕ್ಲಿಪ್ಪಿಗೆ ಗಾಟು ಇದ್ವು, ಅವು ರಬ್ಬರ್ ಒಳಗ ಕಚ್ಚಿ ಕೊಯ್ದಿದ್ವು. ಇವು ನುಣ್ಣಗ ಸುತ್ತಿ ಹಿಡೀತಾವ.

ಕಡೀಕೆ ವೈರು. ಈಗ ಚಾವಿ ತಿರುವಿದ್ರ ಪಂಪ್ ಒಂದೆರಡು ಸೆಕೆಂಡ್ ಗುಂಯ್ ಅಂದು ಸುಮ್ಮನಾಗತೈತಿ. ಎಂಜಿನ್ ತಿರುಗಿದ್ರ ಮಾತ್ರ ಮತ್ತ ಶುರು. ಎಂಜಿನ್ ನಿಂತ್ರ ಚಾವಿ ಇದ್ರೂ ಪಂಪ್ ನಿಲ್ಲತೈತಿ. ಗಾಡಿ ಎಲ್ಯರ ಗುದ್ದಿದ್ರ ಆ ಹೊಡತಕ್ಕ ತಾನ ಬಂದ್ ಆಗೋ ಒಂದು ಸ್ವಿಚ್ಚೂ ಹಾಕ್ಯಾನ. ಅದರ ಗಾತ್ರ ಒಂದು ಕುಂಕುಮದ ಭರಣಿಯಷ್ಟ. ಆ ಗುಜರಿ ಗಾಡ್ಯಾಗ ಪಂಪ್ ನಿಲ್ಲಿಸೋ ಈ ವ್ಯವಸ್ಥಾ ಮೊದಲಿಂದನೂ ಇತ್ತಂತ, ಎಂಜಿನ್ ತಗಿಯೂ ಮುಂದ ವೈರು ಕತ್ತರಿಸಿ ಒಗದಿದ್ರು.

ಮುಗಿಸಿದ ಮ್ಯಾಲೆ ಒತ್ತಡಾ ಅಳಿಯೋ ಗಡಿಯಾರ ಹಚ್ಚಿ ತೋರಿಸಿದ. ಮುಳ್ಳು ಮೂರರ ಹತ್ರ ಹೋಗಿ ನಿಂತಿತು. ಬಂದ್ ಮಾಡಿದ ಮ್ಯಾಲೂ ಬಹಳ ಹೊತ್ತು ಇಳೀಲಿಲ್ಲ. ಇಳೀಲಿಲ್ಲ ಅಂದ್ರ ಎಲ್ಲೂ ಸೋರವಲ್ದು ಅಂತ ಅರ್ಥ. ನನ್ನ ಕೈಯಾಗ ಒಂದು ಹಳೇ ಪೇಪರ್ ಕೊಟ್ಟು, “ಅಕ್ಕಾರ, ಎಲ್ಲಾ ಜಾಯಿಂಟಿಗೂ ನೀವ ಒರಸಿ ನೋಡ್ರಿ” ಅಂದ. ಒರಸಿದೆ. ಒಂದೊಂದಕ್ಕೂ ಒರಸಿ ಮೂಸಿ ನೋಡಿದೆ. ಒಣಾ ಇತ್ತು. ಗ್ಯಾಸಿಗೆ ನಾವು ಸಬಕಾರ ನೀರು ಹಚ್ಚಿ ಗುಳ್ಳಿ ನೋಡ್ತೀವಿ, ಇದಕ್ಕ ಪೇಪರ್.

ಕಾಗದಪತ್ರದ ಕೆಲಸ ಒಂದು ಉಳದಿತ್ತು. ಎಂಜಿನ್ ಬದಲ ಮಾಡಬೇಕಂದ್ರ ಆರ್‌ಟಿಓದವರ ಒಪ್ಪಿಗಿ ಬೇಕು, ಆರ್‌ಸಿಯೊಳಗ ಹೊಸಾ ಎಂಜಿನ್ ನಂಬರ್ ಏರಬೇಕು, ವಿಮಾದವರಿಗೂ ತಿಳಿಸಬೇಕು. ಇವರು ಮಾಸ್ತರು, ಊರಿಗೆಲ್ಲಾ ಶಿಸ್ತು ಹೇಳಿದವರು, ಇದನ್ನ ಮೊದಲ ಮಾಡಿರಲಿಲ್ಲ. ನಾಕು ಸಲ ಅಡ್ಡಾಡಿ, ಗಾಡಿ ತೋರಿಸಿ, ಮುಗಿಸಿಕೊಂಡು ಬಂದ್ರು. ಅದರ ಕತಿ ಅವರನ್ನ ಕೇಳ್ರಿ, ನನಗ ಹೇಳಾಕ ಬ್ಯಾಸರಕಿ.

ಇಷ್ಟಕ್ಕೆಲ್ಲಾ ಖರ್ಚಾಗಿದ್ದು ಎಂಜಿನ್ನಿಗೆ ಕೊಟ್ಟಿದ್ದರ ಅರ್ಧದಷ್ಟು. ಕೇಳಿದವರೆಲ್ಲಾ, ಬರೇ ಪೈಪಿಗೆ ಅಷ್ಟ್ಯಾಕ ಅಂತಾರ. ನಾ ಅವರಿಗೆ ಆ ಬೆವತ ರಬ್ಬರ್ ತುಂಡು ತೋರಿಸ್ತೀನಿ. ಮಿಸ್ತ್ರಿ ಕಡಿಂದ ಇಸಗೊಂಡು ಬಂದು ಹಿತ್ತಲಾಗ ಮೊಳಿಗೆ ಸಿಗಿಸೀನಿ. ಬಗ್ಗಿಸಿದ್ರ ಒಳಗ ನೂರಾರು ಸೀಳು, ಚಳಿಗಾಲದಾಗ ಹಿಮ್ಮಡ ಒಡದಂಗ.

ಎಳ್ಳ ಅಮಾಸಿಗೆ ಮತ್ತ ಹೊಲಕ್ಕ ಹೊಂಟ್ವಿ. ಮಗಳು ಬರಲಿಲ್ಲ, ಕೂಸಿಗೆ ಸಾಲಿ ಹಚ್ಚ್ಯಾರ ಅಂದ್ಳು. ಎರಡು ವರ್ಷದ ಕೂಸಿಗೆ ಎಂಥಾ ಸಾಲಿ, ಅಂಜಿಕಿ ಅಂತ ನನಗ ತಿಳೀತು, ನಾ ಒತ್ತಾಯ ಮಾಡಲಿಲ್ಲ. ಇವರು ಚಾವಿ ತಿರುವಿ ಅರ್ಧಕ್ಕ ನಿಲ್ಲಿಸಿ ನನ್ನ ಕಡೆ ನೋಡಿದ್ರು. ಈಗ ಅದು ರೂಢಿ ಆಗೈತಿ. ನಾ ಹಿಂದ ಕಿವಿಗೊಟ್ಟೆ. ಗುಂಯ್ ಅಂತು, ನಿಂತಿತು. ಹೂಂ ಅಂದೆ. ಹೊಂಟಿತು ಗಾಡಿ.

ಅಮ್ಮಿನಭಾವಿ ದಾಟಿತು. ಆ ಜಾಗಾ ಬಂತು, ಯಾರೂ ಮಾತಾಡಲಿಲ್ಲ. ನಾ ಕಿಡಕಿ ಏರಿಸಿ ಉಸರ ಎಳಕೊಂಡೆ. ಶೇಂಗಾ ಹೋಳಗಿ, ಎಳ್ಳಿನ ಹಿಂಡಿ, ಅತ್ತಿ ಹಚ್ಚಿಕೊಂಡ ನೋವಿನೆಣ್ಣಿ. ಬ್ಯಾರೆ ಏನೂ ಇಲ್ಲ.

ಮುಂದಿನ ಸೀಟಿನ್ಯಾಗಿಂದ ಅತ್ತಿ ಹೊಳ್ಳಿ ನೋಡಿದ್ರು. “ಪೆಟ್ರೋಲ್ ವಾಸನಿ ಬರವಲ್ದಲ್ಲ ಯವ್ವಾ” ಅಂದ್ರು.

“ಹೂಂ ಅತ್ತಿ, ಈಗ ಬರಂಗಿಲ್ಲ.”

ಅವರು ಸೆರಗಿನ ತುದಿ ಮೂಗಿಗೆ ಹಿಡಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮ್ಯಾಲೆ, “ನಿಮ್ಮ ಮಾವ ಇದ್ದಿದ್ರ ಗಾಡಿನ ನಡದಿಲ್ಲ ಅಂತಿದ್ರು” ಅಂದು ಕಿಡಕಿ ಕಡೆ ತಿರುಗಿದ್ರು.